ಅತ್ತೆಯ ಹಾಡು

ಶನಿವಾರ ಸಂಜೆಯಾದರೆ ಸಾಕು, ಗಂಡ ಪಿಟೀಲಿನ ಪೆಟ್ಟಿಗೆಯನ್ನು ಕಂಕುಳಿಗೆ ಇರುಕಿಕೊಂಡು ಹೊರಟುಬಿಡುತ್ತಿದ್ದ. ಕೇಳಿದರೆ "ಪ್ರಾಕ್ಟೀಸು" ಅಂತ ಒಂದೇ ಮಾತು. ಲಿಫ್ಟು ರಿಪೇರಿ ಮಾಡುವ ಈ ಮನುಷ್ಯ ಮನೆಯಲ್ಲಿ ಬಾಯಿ ತೆರೆಯುವುದು ಊಟಕ್ಕೆ ಮಾತ್ರ ಎಂದು ಹೊಲಿಗೆ ಕೆಲಸದ ಹೆಂಡತಿ ನಗಾಡುತ್ತಿದ್ದಳು. ಈಚೆಗೆ ಅವಳ ಅಕ್ಕ ಕಿವಿ ಕಚ್ಚಿದ್ದಳು: "ಪ್ರಾಕ್ಟೀಸೂ ಇಲ್ಲ ಗೀಕ್ಟೀಸೂ ಇಲ್ಲ ಕಣೇ. ಮೂಲೆ ಪಬ್ಬಿಗೆ ನುಗ್ಗೋದನ್ನ ನಾನೇ ಕಣ್ಣಾರೆ ನೋಡಿದೀನಿ."

ಆ ಶನಿವಾರ ಇಬ್ಬರೂ ಅವನ ಬೆನ್ನು ಹತ್ತಿದರು. ಪಬ್ಬಿನ ಬಾಗಿಲು ತಳ್ಳಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಮೇಜುಗಳೆಲ್ಲ ಚೆಲ್ಲಿದ ಬಿಯರಿನಿಂದ ಅಂಟಂಟು. ನೇತುಹಾಕಿದ ಕೋಟುಗಳ ಮರೆಯಲ್ಲಿ, ಒಂದು ಬೆಂಚಿನ ತುದಿಗೆ ಅಕ್ಕತಂಗಿಯರು ಮುದುಡಿ ಕೂತರು.

"ಸಿಕ್ಲಿ ಇವತ್ತು, ನೀರಿಳಿಸ್ತೀನಿ" ಎಂದಳು ತಂಗಿ.

ಅಷ್ಟರಲ್ಲಿ ಡೋಲು ಗುಡುಗಿತು. ಡೋಲಿಗೆ ಟಪಾಲಿನವನು, ಅಕಾರ್ಡಿಯನ್ನಿಗೆ ಬೇಕರಿಯ ಹೆಂಗಸು, ಕೊಳಲಿಗೆ ಒಬ್ಬ ಬೊಕ್ಕತಲೆಯ ಅಜ್ಜ. ನಡುವೆ ಅವನು! ಪಿಟೀಲನ್ನು ಗಲ್ಲಕ್ಕಾನಿಸಿ, ಹಲಗೆ ನೆಲವನ್ನು ಕಾಲಿನಿಂದ ಕುಟ್ಟುತ್ತಾ, "ಏಳ್ರೋ, ಸೊಂಟಕ್ಕೇನು ತುಕ್ಕು ಹಿಡಿದಿದ್ಯಾ?" ಎಂದು ಕೂಗಿದ. ಕೂತಿದ್ದವರೆಲ್ಲ ಎದ್ದು ಕುಣಿದರು. ಗೋಡೆಯ ಚಿತ್ರಪಟಗಳು ಗಡಗಡ ನಡುಗಿದವು.

"ಅಕ್ಕಾ, ಅದು ನಮ್ಮವರೇನಾ?"

"ಅಂಗಿ ನೀನೇ ಹೊಲಿದಿದ್ದಲ್ವೇನೇ?"

ತಂಗಿಗೆ ಬೈಗುಳವೆಲ್ಲ ಮರೆತೇ ಹೋಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳು, ಅಪರಿಚಿತನನ್ನು ನೋಡುವಂತೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

ಕುಣಿತ ನಿಂತಾಗ ಅವನು ಬೆವರು ಒರೆಸಿಕೊಂಡ. "ಇನ್ನು ನಮ್ಮ ಅತ್ತೆಯವರ ಹಾಡು. ಹಾಸಿಗೆ ಹಿಡಿದಾಗ ಗುನುಗ್ತಾ ಇದ್ರು, ಪಕ್ಕದಲ್ಲಿ ಕೂತು ಕಲಿತೆ. ಪೂರ್ತಿ ಕಲಿಸೋ ಮುಂಚೆ ಹೋಗ್ಬಿಟ್ರು. ಮನೇಲಿ ನುಡಿಸೋಕೆ ಧೈರ್ಯ ಇಲ್ಲ, ನಮ್ಮವಳು ಅತ್ತುಬಿಟ್ರೆ ಅಂತ. ಅರ್ಧಾನೇ ಇದೆ, ಎರಡು ಸಲ ನುಡಿಸ್ತೀನಿ."

ಅಕ್ಕ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಪಿಟೀಲಿನಿಂದ ಅಮ್ಮನೇ ಎದ್ದು ಬಂದಳು. ತಲೆ ಬಾಚುವಾಗ, ಬಟ್ಟೆ ಮಡಿಸುವಾಗ ಮೂಗಿನಲ್ಲೇ ಹಾಡುತ್ತಿದ್ದ ಅದೇ ಧಾಟಿ, ಅದೇ ಎಳೆತ. ಗ್ಲಾಸು ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. ನಾಲ್ಕು ಮನೆಯವರಿಗೂ ಗೊತ್ತಿಲ್ಲದಿದ್ದ ಅಮ್ಮನ ದನಿಗೆ ಇಷ್ಟು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ!

ಎರಡನೆಯ ಸಲ ಧಾಟಿ ನಡುದಾರಿಯಲ್ಲಿ ತುಂಡಾಗುವ ಹೊತ್ತಿಗೆ, ತಂಗಿಯ ಗಂಟಲಿನಿಂದ ಮುಂದಿನ ಸಾಲು ತಾನಾಗಿಯೇ ಹೊರಟಿತು. ಅವಳಿಗೇ ಗಾಬರಿ. ಆದರೂ ನಿಲ್ಲಿಸಲಿಲ್ಲ. ಅಕ್ಕನೂ ದನಿಗೂಡಿಸಿದಳು. ಕೋಟುಗಳ ಕಡೆ ತಿರುಗಿದ ಗಂಡನ ಕಮಾನು ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ, ಎಡವುತ್ತಾ, ಅವರ ಹಿಂದೆ ಹೊರಟಿತು. ಅಕಾರ್ಡಿಯನ್ ಉಸಿರೆಳೆಯಿತು. ಒಬ್ಬೊಬ್ಬರಾಗಿ ಇಡೀ ಪಬ್ಬು ಗುನುಗತೊಡಗಿತು.

ಮುಗಿದ ಮೇಲೆ ಚಪ್ಪಾಳೆ ತಟ್ಟಲೂ ಯಾರಿಗೂ ತೋಚಲಿಲ್ಲ. ಕೊಳಲಿನ ಅಜ್ಜ ಕಣ್ಣೊರೆಸಿಕೊಂಡ. "ಇನ್ನೊಂದ್ಸಲ ಹಾಡಮ್ಮಾ. ನಾವೂ ಕಲೀಬೇಕು."

ಗಂಡ ತನ್ನ ಸ್ಟೂಲನ್ನು ಎತ್ತಿ ತಂದು ಹೆಂಡತಿಯ ಮುಂದಿಟ್ಟ.

"ಅಕ್ಕನಿಗೂ ಒಂದು ಕುರ್ಚಿ ಹಾಕ್ರೀ" ಎಂದಳು ಅವಳು.