ಐರ್ಲೆಂಡಿಗೆ ಹೋದ ಆಷಾಢದ ಕಾಗದ

ಶೆಟ್ಟಿಕೊಪ್ಪದ ಸರ್ವಮಂಗಳಮ್ಮನಿಗೆ ಆ ವರ್ಷ ಮಹಿಳಾ ಸಂಘದ ಮೀಟಿಂಗಿಗೆ ಹೋಗುವುದೆಂದರೇ ಬೇಜಾರು. ಹೋಗಿ ಚಾಪೆ ಮೇಲೆ ಕೂತಳೋ ಇಲ್ಲವೋ, ಯಾರಾದರೊಬ್ಬರು ಕೇಳಿಯೇ ಬಿಡುತ್ತಿದ್ದರು.

"ಮಗನ ವೀಸಾ ಬಂತಾ?"

"ಇಲ್ಲ."

"ಸೊಸೆ ಅಲ್ಲಿ, ಮಗ ಇಲ್ಲಿ. ಇದೆಂಥ ಸಂಸಾರ ಮಾರಾಯ್ತಿ?"

ಕೇಳುವವರಿಗೇನು, ಕೇಳಿ ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಉತ್ತರ ಹುಡುಕಬೇಕಾದವಳು ಸರ್ವಮಂಗಳಮ್ಮ.

ವಿಷಯ ಇಷ್ಟು. ಮಗ ಶಶಿಕಿರಣ್ ಊರಲ್ಲೇ ಮೋಟಾರ್ ರಿಪೇರಿ ಅಂಗಡಿ ಇಟ್ಟವನು. ಸುತ್ತ ಹತ್ತು ಊರಿನ ಪಂಪ್‌ಸೆಟ್ಟಿಗೆ ಅವನೇ ಡಾಕ್ಟರು. ಸೊಸೆ ಸಿರಿ ಮುತ್ತಿನಕೊಪ್ಪದ ಹುಡುಗಿ, ನರ್ಸು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ, ಬಸ್ಸಿನಲ್ಲಿ ಕೂತು ಇಂಗ್ಲಿಷ್ ಪರೀಕ್ಷೆಗೆ ಓದಿ, ಯಾರ ಶಿಫಾರಸೂ ಇಲ್ಲದೆ ಐರ್ಲೆಂಡಿನಲ್ಲಿ ಕೆಲಸ ಗಿಟ್ಟಿಸಿದವಳು. ಮದುವೆಯಾದ ಹದಿನೈದೇ ದಿನಕ್ಕೆ ಗಂಡನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಮದುವೆ ರಿಜಿಸ್ಟರ್ ಮಾಡಿಸಿದವಳೂ ಅವಳೇ. "ಊರೆಲ್ಲ ಬಂದು ಉಂಡು ಹೋಗಿದ್ದಾರೆ, ಅದಕ್ಕೆ ಸರ್ಟಿಫಿಕೇಟ್ ಬೇರೆ ಬೇಕಾ?" ಅಂತ ಆಗ ಮಾವ ರೇಣುಕಪ್ಪ ನಕ್ಕಿದ್ದರು. ಸಿರಿ ಮಾತ್ರ, "ಉಂಡವರು ಸಾಕ್ಷಿ ಹೇಳೋಕೆ ಐರ್ಲೆಂಡಿಗೆ ಬರಲ್ವಲ್ಲ ಮಾವ" ಅಂದಿದ್ದಳು. ನಮ್ಮ ಮನೆಗೆ ಬಂದ ಹುಡುಗಿ ಸಾಮಾನ್ಯಳಲ್ಲ ಅಂತ ಸರ್ವಮಂಗಳಮ್ಮ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ನೂರು ಸಲ ಅಂದುಕೊಂಡಿದ್ದಾಳೆ.

ಮೇ ಕೊನೆಗೆ ಮದುವೆ. ಅಕ್ಟೋಬರಿನಲ್ಲಿ ಸಿರಿ ವಿಮಾನ ಹತ್ತಿದಳು. ಗಂಡನೂ ಅಲ್ಲಿಗೆ ಹೋಗಿ ಒಟ್ಟಿಗಿರಬೇಕೆಂದರೆ ವೀಸಾ ಬೇಕು. ಡಿಸೆಂಬರಿನಲ್ಲಿ ಪೇಟೆಯ ಒಬ್ಬ ಏಜೆಂಟ್ ಅರ್ಜಿ ತುಂಬಿಕೊಟ್ಟ. ಕಳಿಸುವ ಮೊದಲು ಸರ್ವಮಂಗಳಮ್ಮ ಇಡೀ ಫೈಲನ್ನು ದೇವರ ಮುಂದಿಟ್ಟು, ವಿಭೂತಿ ಕುಂಕುಮ ಹಚ್ಚಿ, ಕರ್ಪೂರ ಬೆಳಗಿದ್ದಳು. ಜನವರಿ ಹೋಯಿತು, ಫೆಬ್ರವರಿ ಹೋಯಿತು. ಏಜೆಂಟ್ ಫೋನ್ ಎತ್ತುವುದನ್ನೂ ಬಿಟ್ಟ.

ಕೊನೆಗೆ ಮಾರ್ಚ್ ತಿಂಗಳಲ್ಲಿ ಅವಳು ಮಗನನ್ನು ಕರೆದುಕೊಂಡು ಪಂಚಾಯ್ತಿ ಲೈಬ್ರರಿಗೆ ಹೋದಳು. ಅದನ್ನು ನೋಡಿಕೊಳ್ಳುವವಳು ಅನಿತಾ. ಕಾಗದ ಅಂದರೆ ಅನಿತಾಳ ಹಾಗೆ ಓದಬೇಕು. ಪೆನ್ಷನ್ ಕಾಗದವಾಗಲಿ, ಕರೆಂಟ್ ಬಿಲ್ಲಾಗಲಿ, ಮೇಲಿಂದ ಕೆಳಗೆ ಓದಿ, ಮಗುಚಿ ಹಿಂದಿನ ಪುಟವನ್ನೂ ಓದಿ, ಆಮೇಲೆ ಬಾಯಿ ತೆರೆಯುತ್ತಾಳೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳುತ್ತಾಳೆ. ಅಂಥವರು ಊರಿಗೊಬ್ಬರಿದ್ದರೆ ಸಾಕು.

"ಅರ್ಜಿಯಲ್ಲಿ ಯಾರ ಇಮೇಲ್ ಕೊಟ್ಟಿದ್ದೀರಿ?" ಅಂತ ಮೊದಲು ಕೇಳಿದಳು.

"ಏಜೆಂಟ್‌ದೇ ಕೊಟ್ಟಿದ್ವಿ. ಎಲ್ಲಾ ನಾನೇ ನೋಡ್ಕೋತೀನಿ ಅಂದಿದ್ರು," ಅಂದ ಶಶಿ.

ಅನಿತಾ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಅಲ್ಲಿಂದ ಕಾಗದ ಬಂದಿದ್ರೂ ನಿಮಗೆ ಗೊತ್ತಾಗಲ್ಲ. ಈಗಲೇ ಹೋಗು ಶಶಿ. ಎದುರಿಗೆ ಕೂತು ಮೇಲ್ ತೆಗೆಸಿ ನೋಡು."

ಶಶಿ ಬೈಕ್ ಹತ್ತಿ ಹೋದ. ಸಂಜೆ ಕಾಗದದ ಪ್ರಿಂಟ್ ಹಿಡಿದು ವಾಪಸ್ ಬಂದ. ಕಾಗದ ಬಂದು ಹತ್ತೊಂಬತ್ತು ದಿನ ಆಗಿತ್ತು. ಉತ್ತರ ಕೊಡಲು ಇದ್ದ ಗಡುವು ಇಪ್ಪತ್ತೆಂಟು ದಿನ. ಇನ್ನುಳಿದದ್ದು ಒಂಬತ್ತು.

ಅನಿತಾ ಮನೆಗೇ ಬಂದು, ನಡುಮನೆಯಲ್ಲಿ ಕೂತು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದಳು.

"ಕೇಳಿ. ಮದುವೆಯಾದ ದಿನದಿಂದ ಹೆಂಡತಿ ಹೊರಡುವವರೆಗೆ ಒಂದು ದಿನವೂ ಬಿಡದೆ ಶೆಟ್ಟಿಕೊಪ್ಪದ ಮನೆಯಲ್ಲಿ ಒಟ್ಟಿಗಿದ್ದೆವು ಅಂತ ನೀವು ಬರೆದಿದ್ದೀರಿ. ಆದರೆ ಜುಲೈ ತಿಂಗಳಲ್ಲಿ ಐರ್ಲೆಂಡಿನ ಆಸ್ಪತ್ರೆಯವರು ನಿಮ್ಮ ಹೆಂಡತಿಗೆ ಬರೆದ ಪತ್ರದಲ್ಲಿ ವಿಳಾಸ ಮುತ್ತಿನಕೊಪ್ಪ ಅಂತಿದೆ. ಇದೇಕೆ ಹೀಗೆ, ವಿವರಿಸಿ."

ರೇಣುಕಪ್ಪ ಹೆಂಡತಿಯ ಕಡೆ ನೋಡಿದರು. ಶಶಿಯೂ ನೋಡಿದ.

ಸರ್ವಮಂಗಳಮ್ಮ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಜುಲೈ ಅಂದರೆ ಆಷಾಢ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಅದಕ್ಕೇ ಅವಳು ಸಿರಿಗೆ ಮಡಿಲು ತುಂಬಿ ತವರಿಗೆ ಕಳಿಸಿದ್ದಳು. ಇಡೀ ತಿಂಗಳು. ಏಜೆಂಟ್ ಅದನ್ನು ಕೇಳಲಿಲ್ಲ, ಇವರು ಹೇಳಲಿಲ್ಲ.

"ಏಜೆಂಟ್ ಒಂದು ದಾರಿ ಹೇಳಿದ," ಅಂದ ಶಶಿ. "ಸಿರಿ ಜುಲೈ ಪೂರ್ತಿ ಇಲ್ಲೇ ಇದ್ದಳು, ಅಂಚೆ ಮಾತ್ರ ತವರಿಗೆ ಬರ್ತಿತ್ತು ಅಂತ ಪಕ್ಕದ ಮನೆಯವರ ಕೈಲಿ ಅಫಿಡವಿಟ್ ಮಾಡಿಸಿ ಅಂದ."

"ಮಾಡಿಸಿಬಿಡೋಣ. ಶಿವಶಂಕರಪ್ಪ ಸಹಿ ಹಾಕಿಕೊಡ್ತಾನೆ, ಅವನೇನು ಬೇರೆಯವನಾ," ಅಂದರು ರೇಣುಕಪ್ಪ.

"ಬೇಡ," ಅಂದಳು ಅನಿತಾ.

ಸರ್ವಮಂಗಳಮ್ಮನಿಗೆ ರೇಗಿತು. "ಮತ್ತೆ ಎಂಥ ಬರೆಯೋದು? ಅತ್ತೆ ಸೊಸೆ ಹೊಸಿಲಿನ ಕಥೆ ಆ ಬಿಳಿಯರಿಗೆ ಹೇಳೋಕಾಗುತ್ತಾ? ನಗಲ್ವಾ ಅವರು?"

"ನಕ್ಕರೆ ನಗಲಿ ಸರ್ವಮಂಗಳಕ್ಕ. ನಕ್ಕವರು ವೀಸಾ ಕೊಡಬಹುದು. ಸುಳ್ಳು ಹಿಡಿದವರು ಕೊಡಲ್ಲ. ಈ ಸಲ ಸುಳ್ಳು ಅಂತ ಸಿಕ್ಕಿಬಿದ್ರೆ ಮುಂದಿನ ಅರ್ಜಿಗೂ ಅದೇ ಅಡ್ಡ ಬರುತ್ತೆ. ಶಿವಶಂಕರಪ್ಪನವರನ್ನೂ ಸುಳ್ಳು ಸಾಕ್ಷಿಗೆ ಸಿಕ್ಕಿಸಿದ ಹಾಗಾಗುತ್ತೆ. ವೀಸಾ ಆಫೀಸಿನವರು ನಿಮ್ಮನ್ನ ಕಳ್ಳರು ಅಂತಿಲ್ಲ. ಇದು ಯಾಕೆ ಹೀಗೆ ಅಂತ ಕೇಳ್ತಿದ್ದಾರೆ ಅಷ್ಟೆ. ಕೇಳಿದ್ದಕ್ಕೆ ಇದ್ದದ್ದು ಹೇಳೋಣ."

ಆ ಹೊತ್ತಿಗೇ ಸಿರಿಯ ವಿಡಿಯೋ ಕಾಲ್ ಬಂತು. ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಇದ್ದಳು, ಕಣ್ಣಿನ ಸುತ್ತ ಕಪ್ಪು. ವಿಷಯ ಕೇಳಿ ಹೇಳಿದಳು. "ಅತ್ತೆ, ಇದು ತಿರಸ್ಕಾರ ಆದ್ರೆ ನಾನು ಕೆಲಸ ಬಿಟ್ಟು ಬಂದುಬಿಡ್ತೀನಿ. ಒಬ್ಬಳೇ ಇನ್ನು ಆಗಲ್ಲ ನನ್ನ ಕೈಲಿ."

ಸರ್ವಮಂಗಳಮ್ಮನ ಕಣ್ಣು ತುಂಬಿ ಬಂತು. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಕೆಲಸವನ್ನು ಈ ಹುಡುಗಿ ಬಿಡಬೇಕಾ? ಅದೂ ತಾನು ಕಳಿಸಿದ ಒಂದು ಆಷಾಢಕ್ಕಾಗಿ? "ಬರಬೇಡ," ಅಂದಳು. "ನಾವಿಲ್ಲಿ ಏನಾದ್ರೂ ಮಾಡ್ತೀವಿ. ನೀನು ಊಟ ಮಾಡು ಮೊದಲು."

ಫೋನ್ ಇಟ್ಟ ಮೇಲೆ ಅನಿತಾ ಶಶಿಯ ಕಡೆ ತಿರುಗಿದಳು. "ಪದ್ಧತಿ ಇತ್ತು ಅಂತ ಬರೆಯೋಣ. ಜೊತೆಗೆ ಆ ತಿಂಗಳಲ್ಲೂ ನೀವಿಬ್ಬರೂ ಚೆನ್ನಾಗಿದ್ರಿ ಅನ್ನೋದಕ್ಕೆ ಏನಾದ್ರೂ ಬೇಕು. ಮೆಸೇಜೋ, ಫೋಟೋನೋ. ತಾರೀಖು ಇರೋದು."

ಶಶಿ ಫ್ಯಾನ್ ನೋಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ತಾಯಿಯ ಮುಖ ಒಂದನ್ನು ಬಿಟ್ಟು ಮನೆಯಲ್ಲಿರುವುದನ್ನೆಲ್ಲ ನೋಡಿದ.

"ಇದೆಯಾ, ಇಲ್ವಾ?"

"ಇದೆ ಅನಿತಕ್ಕ. ಏಜೆಂಟಿಗೆ ಕೊಟ್ಟಿರಲಿಲ್ಲ. ಫೈಲು ಅಮ್ಮ ಪೂಜೆಗೆ ಇಡ್ತಾರೆ ಅಂತ ಗೊತ್ತಿತ್ತು."

ಫೋನ್ ತೆಗೆದು ಮೇಜಿನ ಮೇಲಿಟ್ಟ. ಒಂದು ಫೋಟೋದಲ್ಲಿ ಶಶಿ ಮತ್ತು ಸಿರಿ ಮುತ್ತಿನಕೊಪ್ಪದ ಮನೆಯ ಜಗುಲಿ ಮೇಲೆ, ನಡುವೆ ಒಂದು ತಟ್ಟೆ ಹಲಸಿನ ಹಪ್ಪಳ. ಇನ್ನೊಂದರಲ್ಲಿ ಸಿರಿಯ ತಾಯಿ ದಾಕ್ಷಾಯಿಣಿ ಅಳಿಯನ ಎಲೆಗೆ ಕಡುಬು ಬಡಿಸುತ್ತಿದ್ದಾಳೆ. ಮತ್ತೊಂದರಲ್ಲಿ ಒಂದೇ ಕೊಡೆಯಡಿ ಇಬ್ಬರೂ ಬಸ್‌ಸ್ಟಾಪಿನಲ್ಲಿ. ಎಲ್ಲದಕ್ಕೂ ಜುಲೈ ತಿಂಗಳ ತಾರೀಖು.

ಸರ್ವಮಂಗಳಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದಳು. "ಭಾನುವಾರ ಭಾನುವಾರ ಕೊಪ್ಪಕ್ಕೆ ಪಂಪ್‌ಸೆಟ್ ರಿಪೇರಿ ಅಂತ ಹೋಗ್ತಿದ್ಯಲ್ಲ ಮಾರಾಯ. ಇದೇನಾ ಆ ಪಂಪ್‌ಸೆಟ್ಟು?"

ಶಶಿ ತಲೆ ತಗ್ಗಿಸಿದ.

"ಎಷ್ಟು ಸಲ ಹೋಗಿದ್ದೆ?"

"ನಾಲ್ಕು ಭಾನುವಾರ. ಒಂದು ಬುಧವಾರ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದಿದ್ದಾನೆ ಇವನು. ಮೊದಲು ಅವಳಿಗೆ ಸಿಟ್ಟೇ ಬಂತು. ತಾನು ಪಾಲಿಸಿದ್ದು ಒಂದು, ಬೆನ್ನ ಹಿಂದೆ ನಡೆದದ್ದು ಇನ್ನೊಂದು. ಆದರೆ ಕೊಡೆಯಡಿಯ ಫೋಟೋವನ್ನು ಮತ್ತೊಮ್ಮೆ ನೋಡಿದಾಗ, ಮಗನ ಅರ್ಧ ಅಂಗಿ ಮಳೆಯಲ್ಲಿ ನೆನೆದದ್ದು ಕಂಡಿತು. ಕೊಡೆ ಪೂರ್ತಿ ಸಿರಿಯ ಕಡೆಗಿತ್ತು. ಒಳ್ಳೆಯ ಗಂಡನನ್ನೇ ಸಾಕಿದ್ದೇನೆ ಅನ್ನಿಸಿ ಸಿಟ್ಟು ಇಳಿಯಿತು. ನಗುವೂ ಬಂತು.

ಸೀದಾ ಬೀಗಿತ್ತಿಗೆ ಫೋನ್ ಮಾಡಿದಳು. "ದಾಕ್ಷಾಯಿಣಿ, ನಿಮ್ಮನೆ ಕಡುಬು ಹೊಟ್ಟೆ ತುಂಬ ತಿಂದು ಬಂದವನಿಗೆ ನಾನು ಪಾಪ ಹಸಿದು ಬಂದಿದ್ದಾನೆ ಅಂತ ಮತ್ತೆ ಅನ್ನ ಬಡಿಸ್ತಿದ್ದೆನಲ್ಲ."

ಆ ಕಡೆಯಿಂದ ಸಣ್ಣ ದನಿ ಬಂತು. "ಬಾಗಿಲಿಗೆ ಬಂದ ಅಳಿಯನ್ನ ವಾಪಸ್ ಕಳಿಸೋಕಾಗುತ್ತಾ ಅಕ್ಕ?"

"ಆಗಲ್ಲ. ಅದನ್ನೇ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ. ಎಷ್ಟು ಸಲ ಬಂದಿದ್ದ, ಯಾವ ದಿನ, ಎಲ್ಲ ಬರೀರಿ. ಕಡುಬೂ ಬರೀರಿ."

ಆಮೇಲೆ ತಾನೂ ಒಂದು ಹಾಳೆ ತೆಗೆದುಕೊಂಡಳು. ಅನಿತಾ ಹೇಳಿಕೊಡಲು ಹೋದರೆ, "ಬೇಡ, ನಂದು ನಾನೇ ಬರೀತೀನಿ" ಅಂದಳು.

"ನಾನು ಸರ್ವಮಂಗಳಾ, ಶಶಿಕಿರಣನ ತಾಯಿ. ಮದುವೆಯಾದ ಮೊದಲ ಆಷಾಢ ಮಾಸದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂಬುದು ನಮ್ಮ ಕಡೆಯ ರೂಢಿ. ಅದಕ್ಕಾಗಿ ಸೊಸೆಯನ್ನು ತವರಿಗೆ ಕಳಿಸಿದವಳು ನಾನು. ಜಗಳವಾಗಿ ಕಳಿಸಿದ್ದಲ್ಲ. ನನ್ನ ಅತ್ತೆಯೂ ನನ್ನನ್ನು ಹೀಗೇ ಕಳಿಸಿದ್ದರು. ಶ್ರಾವಣ ಬಂದ ಕೂಡಲೇ ನಾನೇ ಹೋಗಿ ಕರೆದುಕೊಂಡು ಬಂದೆ. ಆ ತಿಂಗಳಲ್ಲಿ ಮಗ ಐದು ಸಲ ಹೋಗಿ ಅವಳನ್ನು ನೋಡಿ ಬಂದಿದ್ದಾನೆ. ಅದು ನನಗೆ ಇವತ್ತು ಗೊತ್ತಾಯಿತು."

ಅನಿತಾ ಅದನ್ನು ಓದಿ, ಮತ್ತೆ ಮೇಲಿಂದ ಇನ್ನೊಮ್ಮೆ ಓದಿದಳು. ಅರವತ್ತರ ಹತ್ತಿರ ಬಂದ ಹೆಂಗಸು, ನಾಚಿಕೆ ಬದಿಗಿಟ್ಟು ಹೀಗೆ ಇದ್ದದ್ದು ಇದ್ದ ಹಾಗೆ ಬರೆಯುವುದು ಎಲ್ಲರ ಕೈಲಿ ಆಗುವ ಮಾತಲ್ಲ.

"ಕೊನೇ ಸಾಲು ಬೇಕಾ?" ಅಂತ ರೇಣುಕಪ್ಪ ಕೇಳಿದರು.

"ನಿಜ ತಾನೇ? ಇರಲಿ," ಅಂದಳು ಸರ್ವಮಂಗಳಮ್ಮ.

ಮುಂದಿನ ಮೂರು ದಿನ ಅನಿತಾ ಶಶಿಯನ್ನು ಕೂರಲು ಬಿಡಲಿಲ್ಲ. ಶಶಿಯದೇ ಹೆಸರಿನಲ್ಲಿ ಇಮೇಲ್ ಆಯಿತು, ಅರ್ಜಿಗೆ ಇನ್ನು ಅದೇ ವಿಳಾಸ ಅಂತ ಬರೆದದ್ದಾಯಿತು. ಎರಡು ಕನ್ನಡ ಕಾಗದಗಳನ್ನು ಮಾನ್ಯತೆ ಇರುವ ಅನುವಾದಕರ ಕೈಲಿ ಇಂಗ್ಲಿಷಿಗೆ ಮಾಡಿಸಿ ಸಹಿ ಮೊಹರು ಹಾಕಿಸಿದ್ದಾಯಿತು. ಏಜೆಂಟ್ ಬರೆದ ಮಾತು ತಪ್ಪು, ನಾವು ಓದದೆ ಸಹಿ ಹಾಕಿದ್ದೂ ತಪ್ಪು ಅಂತ ಶಶಿ ಒಪ್ಪಿಕೊಂಡು ಬರೆದ. ಎಲ್ಲದಕ್ಕೂ ಒಂದೊಂದು ಪ್ರತಿ ಮನೆಯಲ್ಲಿ ಉಳಿಯಿತು. ಸರ್ವಮಂಗಳಮ್ಮ ಕುಂಕುಮದ ಬಟ್ಟಲು ತಂದಾಗ ಅನಿತಾ ಕೈ ಅಡ್ಡ ಹಿಡಿದಳು. "ಅಕ್ಕ, ಕಾಗದಕ್ಕೆ ಬೇಡ, ಮೇಲಿನ ಕವರಿಗೆ ಹಚ್ಚಿ. ದೇವರಿಗೆ ಎರಡೂ ಒಂದೇ. ಆಫೀಸಿನವರಿಗೆ ಅಲ್ಲ."

ಗಡುವಿಗೆ ಐದು ದಿನ ಇರುವಾಗ ಉತ್ತರ ಹೋಯಿತು. ಮುಟ್ಟಿದೆ ಅಂತ ಮರುದಿನವೇ ಮೇಲ್ ಬಂತು.

ಆಮೇಲೆ? ಆಮೇಲೆ ಮತ್ತೆ ಕಾಯುವುದೇ. ಏಪ್ರಿಲ್ ಕಳೆಯಿತು. ಅಂಗಡಿ ಮಾರಿಬಿಡಲಾ ಅಂತ ಶಶಿ ಕೇಳಿದರೆ ಅನಿತಾ, "ವೀಸಾ ಕೈಗೆ ಬರೋ ತನಕ ಒಂದು ಸ್ಪ್ಯಾನರೂ ಮಾರಬೇಡ, ಟಿಕೆಟ್ಟೂ ತೆಗೀಬೇಡ" ಅಂದಳು. ವಾರಕ್ಕೊಮ್ಮೆ ಆ ದೇಶದ ಸರ್ಕಾರದ ವೆಬ್‌ಸೈಟ್ ತೆಗೆದು, ಈಗ ಯಾವ ತಾರೀಖಿನ ಅರ್ಜಿ ನೋಡುತ್ತಿದ್ದಾರೆ ಅಂತ ತೋರಿಸುತ್ತಿದ್ದಳು. ಸಂಘದಲ್ಲಿ ಯಾರಾದರೂ ಕೇಳಿದರೆ ಸರ್ವಮಂಗಳಮ್ಮ ಈಗ ಮುಖ ಸಣ್ಣದು ಮಾಡುತ್ತಿರಲಿಲ್ಲ. "ತಡ ಆಗಿದೆ. ತಡ ಅಂದ್ರೆ ಇಲ್ಲ ಅಂತಲ್ಲ. ನಮ್ಮ ಸರದಿ ಬಂದಾಗ ಕರೀತಾರೆ," ಅನ್ನುತ್ತಿದ್ದಳು.

ಸರದಿ ಬಂದದ್ದು ಜುಲೈ ತಿಂಗಳಲ್ಲಿ. ಪಾಸ್‌ಪೋರ್ಟ್ ಬಂದ ಕವರನ್ನು ಶಶಿ ತಾಯಿಯ ಕೈಯಲ್ಲೇ ಒಡೆಸಿದ. ಒಳಗೆ ವೀಸಾ ಇತ್ತು. ಸರ್ವಮಂಗಳಮ್ಮ ಅದರ ಮೇಲೆ ಕೈ ಆಡಿಸಿದಳು, ಕುಂಕುಮ ಮಾತ್ರ ಹಚ್ಚಲಿಲ್ಲ.

ರೇಣುಕಪ್ಪ ಕ್ಯಾಲೆಂಡರ್ ನೋಡಿ ತಲೆ ಕೆರೆದುಕೊಂಡರು. "ಇದು ಆಷಾಢ ಅಲ್ವೇನೇ? ಶ್ರಾವಣ ಬರಲಿ, ಆಮೇಲೆ ಹೊರಡಲಿ."

ಎಲ್ಲರೂ ಸರ್ವಮಂಗಳಮ್ಮನ ಬಾಯಿ ನೋಡಿದರು.

"ಯಾಕೆ?" ಅಂದಳು ಅವಳು. "ಒಂದೇ ಹೊಸಿಲು ದಾಟಬಾರದವರು ಅತ್ತೆ ಸೊಸೆ. ನಾನಿಲ್ಲಿದ್ದೀನಿ, ಅವಳಲ್ಲಿದ್ದಾಳೆ. ನಡುವೆ ಸಮುದ್ರವೇ ಇದೆ. ಇನ್ನೆಂಥ ಹೊಸಿಲು? ಟಿಕೆಟ್ ತೆಗಿ ಶಶಿ. ಮತ್ತೆ ಕೇಳು, ಈ ಸಲ ಹೆಂಡತಿ ನೋಡೋಕೆ ಪಂಪ್‌ಸೆಟ್ ನೆವ ಬೇಕಾಗಿಲ್ಲ, ಹೇಳಿಯೇ ಹೋಗು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಆಗಿ ಕಾಯುತ್ತಿರಬಹುದು. ಮದುವೆಯನ್ನು ಮೊದಲೇ ರಿಜಿಸ್ಟರ್ ಮಾಡಿಸಿ. ಅರ್ಜಿಯಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರ್ ಇರಲಿ, ದಿನಾ ತೆಗೆದು ನೋಡಿ. ಯಾರೇ ತುಂಬಿಕೊಡಲಿ, ಓದಿಸಿ ಕೇಳದೆ ಸಹಿ ಹಾಕಬೇಡಿ. ನಿಯಮ ಒಂದೊಂದು ದೇಶಕ್ಕೆ ಒಂದೊಂದು, ಕಾಲಕ್ಕೂ ಬದಲಾಗುತ್ತದೆ. ಆದ್ದರಿಂದ ಅವರಿವರ ಮಾತು ಬಿಟ್ಟು ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನೇ ನೋಡಿ. ಪ್ರಶ್ನೆ ಬಂದರೆ ಹೆದರಬೇಡಿ, ಗಡುವಿನೊಳಗೆ ಉತ್ತರ ಕೊಡಿ. ಮತ್ತು ನಿಮ್ಮ ಮನೆಯ ನಿಜ ಎಷ್ಟೇ ಹಳ್ಳಿಯದು ಅನ್ನಿಸಲಿ, ಅದಕ್ಕೆ ನಾಚಬೇಡಿ. ಸರ್ವಮಂಗಳಮ್ಮ ಬರೆದ ಹಾಗೆ ಇದ್ದದ್ದು ಇದ್ದ ಹಾಗೆ ಬರೆಯಿರಿ, ಕಡುಬಿನ ಸಮೇತ.