ಹರಕು ಲಂಗದ ಚಿತ್ರ

ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನ ಯಾವನೋ ಚಿತ್ರಕಾರ ಅರಬ್ಬರ ಊರಿಗೆ ಹೋಗಿ ಬರೆದ ಎಣ್ಣೆಬಣ್ಣದ ಚಿತ್ರ ಅದು. ಹರಕು ಬಟ್ಟೆಯ ಮಕ್ಕಳು ಹೊಸ್ತಿಲ ಮೇಲೆ ಕೂತಿದ್ದವು. ಫೋನಿನಲ್ಲಿ ನೋಡಿದಾಗಿನಿಂದ ತಾನೂ ಅಂಥದ್ದೊಂದು ಬರೆಯಬೇಕೆಂಬ ಹುಚ್ಚು ಸ್ಪಂದನಳಿಗೆ ಹಿಡಿದಿತ್ತು. ಹಿಂದೂಪುರದಲ್ಲಿ ಮಾವ ಹೊಸದಾಗಿ ಕಟ್ಟಿಸಿದ ಕಲ್ಯಾಣ ಮಂಟಪಕ್ಕೆ ಚಿತ್ರವೂ ಬೇಕಾಗಿತ್ತು.

ತವರೂರು ಕಲ್ಯಾಣದುರ್ಗಕ್ಕೆ ಹೋದಳು. ಅಪ್ಪನ ತೋಟಕ್ಕೆ ಕೆಲಸಕ್ಕೆ ಬರುವ ರಾಮಾಂಜಿನಮ್ಮನಿಗೆ, ಮಗಳು ತನುಜಾಳ ಚಿತ್ರ ಬರೆಯುತ್ತೇನೆ, ಕರೆದುಕೊಂಡು ಬಾ ಎಂದು ಹೇಳಿಕಳಿಸಿದಳು.

ತಾಯಿ ಮಗಳನ್ನು ಸಿಂಗರಿಸಿ ತಂದಳು. ಜರಿ ಅಂಚಿನ ಹಸಿರು ಲಂಗ, ಎರಡು ಜಡೆ, ಕನಕಾಂಬರ, ಮುಖಕ್ಕೆ ಪೌಡರು.

"ಇದಲ್ಲ ರಾಮಾಂಜಿನಮ್ಮ. ಹಳೇದು, ಹರಿದಿರೋದು ಇಲ್ವಾ?"

"ನೆಲ ಒರೆಸಾಕೆ ಇಟ್ಟಿರೋದು ಐತಮ್ಮ," ಎಂದಳು ಅವಳು, ಏನೂ ತಿಳಿಯದೆ.

ಸ್ಪಂದನ ಅದನ್ನೇ ತರಿಸಿ ತೊಡಿಸಿದಳು. ಜಡೆ ಬಿಚ್ಚಿ ಕೂದಲು ಕೆದರಿದಳು. ಹುಡುಗಿಯ ಕೆನ್ನೆಗೆ ತನ್ನ ಕೈಯಾರೆ ಮಣ್ಣು ಬಳಿದಳು. ತೆಗೆದ ಹೂವನ್ನು ಹಿಡಿದುಕೊಂಡು ರಾಮಾಂಜಿನಮ್ಮ ಗೋಡೆಗೆ ಒರಗಿ ನಿಂತಿದ್ದಳು.

ಚಿತ್ರ ಚೆನ್ನಾಗಿಯೇ ಬಂತು. ಮಂಟಪದ ಬಾಗಿಲ ಎದುರಿಗೇ ಹಾಕಿಸಿದರು.

ಮಾಘದಲ್ಲಿ ಸ್ಪಂದನಳ ತಮ್ಮನ ಮದುವೆ ಅಲ್ಲೇ ನಡೆಯಿತು. ತೋಟದವರೂ ಬಸ್ಸಿನಲ್ಲಿ ಬಂದರು. ಅತ್ತೆ ನಿರ್ಮಲಮ್ಮ ನೆಂಟರನ್ನು ಚಿತ್ರದ ಮುಂದೆ ನಿಲ್ಲಿಸಿ, "ನಮ್ಮ ಸೊಸೆ ಬರೆದದ್ದು," ಎಂದರು.

"ಅಯ್ಯೋ ಪಾಪ, ಉಡೋಕೂ ಗತಿಯಿಲ್ಲದ ಕೂಸು," ಎಂದು ಒಬ್ಬಾಕೆ ಲೊಚಗುಟ್ಟಿದಳು. ಪಕ್ಕದಲ್ಲೇ ತಾಯಿಯ ಜೊತೆ ನಿಂತಿದ್ದ ತನುಜಾ ಆಕೆಯ ಕಣ್ಣಿಗೆ ಬಿದ್ದಳು. ಅವಳ ಗದ್ದ ಹಿಡಿದೆತ್ತಿ, "ಇದೇ ಮಗು ಅಲ್ವೇನಮ್ಮ?" ಎಂದಳು.

"ಅಲ್ಲ ಕಣಮ್ಮ. ನಮ್ ಹುಡುಗಿ ಹಂಗಿಲ್ಲ," ಎಂದು ರಾಮಾಂಜಿನಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಸ್ಪಂದನಳ ಕಡೆ ನೋಡಲೇ ಇಲ್ಲ.

ಸ್ಪಂದನಳ ಕಿವಿ ಕಾದವು. ಆ ಮಣ್ಣು ಬಳಿದವಳು ನಾನೇ ಎನ್ನಬೇಕಿತ್ತು. ಎನ್ನದೆ, ನೆಂಟರಿಗೆ ಕೈಮುಗಿದು ಒಳಗೆ ಹೋದಳು. ತಾಯಿ ಮಗಳು ಊಟಕ್ಕೂ ಕೂರದೆ ಹೊರಟುಹೋದರು.

ಮಾರನೇ ದಿನ ಚಿತ್ರವನ್ನು ಇಳಿಸಿಬಿಟ್ಟಳು. "ಯಾಕಮ್ಮ?" ಎಂದರು ಅತ್ತೆ.

"ನೋಡೋಕಾಗ್ತಿಲ್ಲ ಅತ್ತೆ."

ಆ ವಾರವೇ ಕಲ್ಯಾಣದುರ್ಗಕ್ಕೆ ಹೋಗಿ ಅವರ ಮನೆ ಬಾಗಿಲಲ್ಲಿ ನಿಂತಳು. "ತಪ್ಪಾಯ್ತು ರಾಮಾಂಜಿನಕ್ಕ. ತನುಜಾ, ಇನ್ನೊಂದು ಸಲ ಕೂತ್ಕೊತೀಯಾ? ನಿಂಗೆ ಇಷ್ಟ ಬಂದಂಗೆ ಬರೀತೀನಿ."

"ವದ್ದಕ್ಕಾ, ಬ್ಯಾಡ," ಎಂದು ಹುಡುಗಿ ಒಳಗೆ ಓಡಿತು.

"ಕುತ್ಕಳಮ್ಮ, ಬಿಸಿಲಲ್ಲಿ ಬಂದಿದೀಯ," ಎಂದು ರಾಮಾಂಜಿನಮ್ಮ ಮಜ್ಜಿಗೆ ತಂದುಕೊಟ್ಟಳು. ಚಿತ್ರದ ಮಾತನ್ನು ಮಾತ್ರ ಎತ್ತಲಿಲ್ಲ. ಲೋಟ ಕೆಳಗಿಡುವ ಧೈರ್ಯವಾಗದೆ ಸ್ಪಂದನ ತಲೆತಗ್ಗಿಸಿ ಕುಡಿದಳು.