ಅಮ್ಮ ಬಂದು ಹೋದ ಕಲೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ದುಂಡಸಿಯ ಮುದಕವ್ವ ಮಗಳು ಶೈಲಾಳ ಮದುವೆಗೆ ಹೇಳಿದ್ದು ಒಂದೇ ಒಂದು. ಸಾವಿರ ಹೇಳಿದವರೆಲ್ಲ ಇವತ್ತಿಗೂ ಮೊಮ್ಮಕ್ಕಳನ್ನು ಆಡಿಸುತ್ತ ಕೂತಿದ್ದಾರೆ. ದೇವರ ಲೆಕ್ಕ ನನಗಂತೂ ತಿಳಿಯುವುದಿಲ್ಲ.

ಶೈಲಾ ತೆವಳುವ ಕೂಸಾಗಿದ್ದಾಗ ಮುದಕವ್ವ ಪಂಚಮಿ ಹಬ್ಬಕ್ಕೆ ಕರಚಿಕಾಯಿ ಕರಿಯುತ್ತಿದ್ದಳು. ಬಾಣಲೆಯ ಎಣ್ಣೆ ಸಿಡಿದು ಕೂಸಿನ ಕೆನ್ನೆ, ಕುತ್ತಿಗೆಯ ಮೇಲೆ ಬಿತ್ತು. ಗಾಯ ಮಾಯಿತು, ಬೊಟ್ಟುಬೊಟ್ಟಾದ ಕಲೆಗಳು ಉಳಿದವು. ಮುಂದೆ ಹುಡುಗಿ ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, "ತಿಳಸ್ತೇವಿ" ಎಂದು ಎದ್ದು ಹೋಗುತ್ತಿದ್ದರು. ಸುಟ್ಟ ಕಲೆ ಎಂದರೆ ಸಾಕು, ಜನ ತಮಗೆ ಬೇಕಾದ ಕತೆ ಕಟ್ಟುತ್ತಾರೆ. ಹುಡುಗಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡಿದ್ದಳಂತೆ ಎಂದು ಯಾವನೋ ಪುಣ್ಯಾತ್ಮ ಸುದ್ದಿ ಎಬ್ಬಿಸಿದ್ದ. ಊರ ಬಾಯಿ ಮುಚ್ಚಲು ಯಾರಿಂದ ಆದೀತು?

ತಿಳವಳ್ಳಿಯಿಂದ ಲೈನ್‌ಮನ್ ಮಹಾಂತೇಶನ ಕಡೆಯವರು ಬಂದ ದಿನ ಅವನ ತಾಯಿ ಕಲ್ಲವ್ವ ಶೈಲಾಳ ಗದ್ದ ಹಿಡಿದೆತ್ತಿ, "ಇದೇನವಾ ತಂಗಿ?" ಎಂದಳು. ಶೈಲಾ ಬಾಯಿ ತೆರೆಯುವ ಮೊದಲೇ ಮುದಕವ್ವ, "ಸಣ್ಣಾಕಿದ್ದಾಗ ಅಮ್ಮ ಬಂದಿದ್ಲರಿ. ಬಂದು ಹೋದ ಕಲೆ," ಎಂದುಬಿಟ್ಟಳು. ಚಿಕನ್‌ಪಾಕ್ಸಿಗೆ ಈ ಕಡೆ ಅಮ್ಮ ಎನ್ನುವುದೇ ರೂಢಿ. ದೇವಿ ಮುಟ್ಟಿದ ಮೈಗೆ ಯಾರೂ ಕೊಂಕು ತೆಗೆಯುವುದಿಲ್ಲ. ಕಲ್ಲವ್ವ ಆ ಕೆನ್ನೆಗೇ ಕೈ ಮುಗಿದಳು. ಶೈಲಾಳ ತಂದೆ ಫಕ್ಕೀರಪ್ಪ ಎತ್ತಿಗೆ ಮೇವು ಹಾಕುವ ನೆವ ಮಾಡಿ ಹೊರಗೆ ಹೋದ.

ಮನೆ ಒಳ್ಳೆಯದೇ ಸಿಕ್ಕಿತು. ಗಂಡ ಗುಣವಂತ, ಅತ್ತೆ ಮಾತಿಗೊಮ್ಮೆ "ನಮ್ಮ ಶೈಲಾ" ಎನ್ನುವವಳು. ಮದುವೆಯಾದ ಬೇಸಿಗೆಯಲ್ಲಿ ತಿಳವಳ್ಳಿಯ ಮಕ್ಕಳಿಗೆ ಅಮ್ಮ ಎದ್ದಿತು. ಮಹಾಂತೇಶ ತಾಯಿ, ಹೆಂಡತಿ ಇಬ್ಬರನ್ನೂ ಹಾನಗಲ್ಲಿಗೆ, ಡಾಕ್ಟರ್ ಮದಿಹಾ ಅವರ ದವಾಖಾನೆಗೆ ಕರೆದೊಯ್ದ.

"ಸಣ್ಣ ಮಕ್ಕಳಿಗೆ ಬಂದ್ರ ಒಂದು ಥರ, ದೊಡ್ಡವರಿಗೆ ಬಂದ್ರ ಒಂದು ಥರ," ಎಂದರು ಡಾಕ್ಟರು. "ಒಮ್ಮೊಮ್ಮೆ ಪುಪ್ಪಸಕ್ಕ ಇಳೀತೈತಿ. ಬಸುರಿದ್ದಾಗ ಬಂದ್ರಂತೂ ಬಾಳ ಕೆಟ್ಟದ್ದು. ಯಾರಿಗೆ ಬಂದಿಲ್ಲ ಅವರು ಲಸಿಕಿ ಹಾಕಿಸ್ಕೋರಿ. ಬಸುರಾದ ಮ್ಯಾಲ ಹಾಕಾಕ ಬರೂದಿಲ್ಲ."

ಮಹಾಂತೇಶ ತೋಳು ಮಡಚಿ ಕುಳಿತ. ಕಲ್ಲವ್ವ, "ನನಗ ಸಣ್ಣಾಕಿದ್ದಾಗನ ಬಂದೈತ್ರಿ. ಈಕಿಗೂ ಬ್ಯಾಡ, ಸಾಕ್ಷಿ ಮಾರಿ ಮ್ಯಾಲ ಐತಿ ನೋಡ್ರಿ," ಎಂದು ಸೊಸೆಯನ್ನು ಮುಂದೆ ತಳ್ಳಿದಳು. ಶೈಲಾ ತಲೆ ತಗ್ಗಿಸಿದಳು.

ಮನೆಗೆ ಬಂದವಳೇ ಹಿತ್ತಲಲ್ಲಿ ನಿಂತು ತಾಯಿಗೆ ಫೋನು ಮಾಡಿದಳು. "ಯವ್ವಾ, ಖರೆ ಹೇಳಿ ನಾನೂ ಹಾಕಿಸ್ಕೊಂಡ್ ಬಿಡ್ತೇನಿ."

"ಹುಚ್ಚಿ! ಮೈಮ್ಯಾಲಿನ ಅರಿಷಿಣ ಇನ್ನಾ ಆರಿಲ್ಲ. ಇದೊಂದು ಮುಚ್ಚಿಟ್ಟಾವ್ರು ಇನ್ನೇನೇನ್ ಮುಚ್ಚಿಟ್ಟಾರೋ ಅಂತಾರ. ಪಂಚಮಿಗೆ ಬರ್ತೀಯಲ್ಲ, ಆಗ ಶಿಗ್ಗಾಂವಿಗೆ ಹೋಗಿ ಹಾಕಿಸೂಣು. ಯಾರಿಗೂ ಗೊತ್ತಾಗೂದಿಲ್ಲ."

ಪಂಚಮಿಗೆ ಮಗಳು ಬಂದಳು. ಬರುವಾಗಲೇ ಬಸುರಿ. ಮುದಕವ್ವ ಸಂತೋಷದಿಂದ ದೃಷ್ಟಿ ತೆಗೆದಳು. ಶಿಗ್ಗಾಂವಿಯ ಮಾತು ಅಲ್ಲಿಗೇ ಬಿತ್ತು.

ದೀಪಾವಳಿ ಕಳೆದ ಮೇಲೆ ಹಂಸಭಾವಿಯಿಂದ ಮಹಾಂತೇಶನ ಅಕ್ಕ ತವರಿಗೆ ಬಂದಳು. ಕೈಯಲ್ಲಿ ಹಸುಗೂಸು, ಜೊತೆಗೆ ಹಿರಿಯ ಮಗಳು. ಬಂದ ಮಾರನೆಯ ದಿನವೇ ಆ ಹುಡುಗಿಗೆ ಜ್ವರ, ಮೈತುಂಬ ನೀರುಗುಳ್ಳೆ. ತಾಯಿ ಹಸುಗೂಸನ್ನೆತ್ತಿಕೊಂಡು ದೂರ ಉಳಿದಳು. ಹುಡುಗಿ ಶೈಲಾಳ ತೊಡೆ ಏರಿದ್ದು ಇಳಿಯಲಿಲ್ಲ. ಒಮ್ಮೆ ಅಮ್ಮ ಬಂದು ಹೋದವಳಿಗೆ ಏನು ಭಯ ಎಂದು ಮನೆಯವರೆಲ್ಲ ನಿಶ್ಚಿಂತರಾಗಿದ್ದರು.

ಸುದ್ದಿ ಕೇಳಿದ ಮುದಕವ್ವ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ತಿಳವಳ್ಳಿಗೆ ಹೋದವಳೇ ಇದ್ದದ್ದು ಇದ್ದಂತೆ ಹೇಳಿಬಿಡುವುದು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಳು. ಆದರೆ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತಿದ್ದರು. "ಬರ್ರಿ ಬೀಗರ, ಕುಂತ್ರಿ," ಎಂದು ಕಲ್ಲವ್ವ ಚಾಪೆ ಹಾಸಿ, "ನನ್ನ ಸೊಸಿ ಇರೂದಕ್ಕ ಈ ಕೂಸು ಅನ್ನ ಉಣ್ಣಾಕತ್ತೈತಿ. ಅಮ್ಮ ಮುಟ್ಟಿದ ಕೈ ಅಲ್ಲೇನ್ರಿ!" ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದಳು. ಮುದಕವ್ವ ಹೇಳಲು ಬಂದ ಮಾತನ್ನು ನುಂಗಿಕೊಂಡು ಚಾಪೆಯ ಮೇಲೆ ಕೂತಳು.

ಹಿತ್ತಲಲ್ಲಿ ಮಗಳ ಕೈ ಹಿಡಿದು, "ನನ್ನ ಜೊತಿ ಊರಿಗೆ ನಡಿ," ಎಂದಳು.

"ಈಗ ಹೋದ್ರ ಏನಾಕ್ಕೈತವಾ? ಆಗೂದು ಆಗಿ ಹೋಗೈತಿ," ಎಂದಳು ಶೈಲಾ. ಹೆದರಿದ್ದಳು. "ಲಗೂನ ಹೋದ್ರ ಡಾಕ್ಟರ್ ಬ್ಯಾರೆ ಇಂಜೆಕ್ಷನ್ ಕೊಡ್ತಾರಂತ, ಬಸುರಿದ್ದವರಿಗೂ ನಡೀತೈತಂತ, ಮೊಬೈಲಿನ್ಯಾಗ ನೋಡೇನಿ. ಇವತ್ತ ಹೇಳ್ತೇನಿ. ಅತ್ತಿ ಕೆಟ್ಟಾಕಿ ಅಲ್ಲ."

"ಎಲ್ಲಾರಿಗೂ ಬರತೈತಿ ಅಂತೇನಿಲ್ಲ. ಹೆತ್ತ ಮ್ಯಾಲ ನಾನ ಬಂದು ಹೇಳ್ತೇನಿ. ಈಗ ಬಾಯಿ ಬಿಟ್ರ ನನ್ನ ಹೆಣ ನೋಡ್ತಿ." ಹೀಗೆಂದು ಮುದಕವ್ವ ಮಗಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ತಾಯಿಯಾದವಳು ಇಡಿಸಬಾರದ ಆಣೆ ಅದು. ಇಡಿಸಿ, ಸಂಜೆಯ ಬಸ್ಸಿಗೆ ಊರಿಗೆ ಬಂದು, ಮಗಳಿಗೆ ಏನೂ ಆಗದಿರಲೆಂದು ಮಂಗಳವಾರ, ಶುಕ್ರವಾರ ಉಪವಾಸ ಹಿಡಿದಳು.

ಹಂಸಭಾವಿಯ ಹುಡುಗಿ ಗುಣವಾಗಿ ಆಡತೊಡಗಿದ ಮೇಲೆ ಶೈಲಾಳಿಗೆ ಜ್ವರ ಏರಿತು. ಎದೆಯ ಮೇಲೆ ಗುಳ್ಳೆ ಕಂಡಾಗ ಕಲ್ಲವ್ವ, "ಜ್ವರದ ಬೆವರುಸಾಲಿ ಇರಬೇಕು. ಒಮ್ಮೆ ಬಂದಾಕಿಗೆ ಮತ್ತ ಬರೂದಿಲ್ಲ," ಎಂದು ಸಮಾಧಾನ ಹೇಳಿದಳು. ಅದೇ ನಂಬಿಕೆಯ ಮೇಲೆ ದಿನಗಳು ಹೋದವು. ಕೊನೆಗೆ ಉಸಿರು ಕಟ್ಟತೊಡಗಿದಾಗ ಹಾನಗಲ್ಲಿಗೆ ಓಡಿದರು. ಮುದಕವ್ವ ದುಂಡಸಿಯಿಂದ ನೇರ ದವಾಖಾನೆಗೆ ಬಂದಳು.

ಡಾಕ್ಟರ್ ಮದಿಹಾ ನೋಡಿದ ಕೂಡಲೇ ಮಹಾಂತೇಶನಿಗೆ, "ಹುಬ್ಬಳ್ಳಿಗೆ ಒಯ್ಯಬೇಕು, ಗಾಡಿ ತರಿಸ್ರಿ," ಎಂದರು. ಅವನು ಹೊರಗೆ ಓಡಿದ. ಡಾಕ್ಟರು ಶೈಲಾಳ ಮೇಲೆ ಬಗ್ಗಿ ಕೇಳಿದರು: "ನಿನಗ ಸಣ್ಣಾಕಿದ್ದಾಗ ಇದು ಖರೇನ ಬಂದಿತ್ತೇನವಾ?"

ಶೈಲಾ ತಾಯಿಯ ಕಡೆ ನೋಡಿದಳು. ಮಾತಾಡುವಷ್ಟು ಉಸಿರು ಇರಲಿಲ್ಲ. ಆದರೂ ಕೂಡಿಸಿಕೊಂಡು, "ಬಂದಿತ್ತರಿ," ಎಂದಳು.

"ಇಲ್ಲರಿ!" ಮುದಕವ್ವ ಕಿರುಚಿದಳು. "ಸುಳ್ಳರಿ! ಎಣ್ಣಿ ಸಿಡಿದ ಕಲೆರಿ ಅದು! ನಾನ ಹೇಳಿದ ಸುಳ್ಳು!" ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿ, ಮತ್ತೆ ಕೆಲಸಕ್ಕೆ ತೊಡಗಿದರು. ಕಲ್ಲವ್ವ ಅಲ್ಲೇ ಗೋಡೆಯ ಬಳಿ ನಿಂತು ಎಲ್ಲ ಕೇಳಿಸಿಕೊಂಡಳು.

ಹುಬ್ಬಳ್ಳಿಯಲ್ಲಿ ಮೊದಲು ಹೊಟ್ಟೆಯೊಳಗಿನ ಕೂಸು ಹೋಯಿತು. ಮರುದಿನ ಶೈಲಾ ಹೋದಳು.

ಆಸ್ಪತ್ರೆಯ ವರಾಂಡದಲ್ಲಿ ಮುದಕವ್ವ ಬೀಗತಿಯ ಕಾಲ ಬಳಿ ಕುಸಿದು ಕೂತಳು. ಕಲ್ಲವ್ವ ಬೈಯಲಿ, ಚಪ್ಪಲಿಯಿಂದ ಹೊಡೆಯಲಿ, ಕೂದಲು ಹಿಡಿದು ಎಳೆಯಲಿ ಎಂದು ಕಾದಳು. ಅದನ್ನು ಬಿಟ್ಟು ಅವಳಿಗೆ ಬೇರೇನೂ ಬೇಕಿರಲಿಲ್ಲ. ಕಲ್ಲವ್ವ ಬಹಳ ಹೊತ್ತು ಅತ್ತಳು. ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಬೀಗತಿಯ ಪಕ್ಕದಲ್ಲೇ ನೆಲಕ್ಕೆ ಕೂತಳು.

"ಎಣ್ಣಿ ಕಲೆ ಅಂದಿದ್ರೂ ನಾವು ಮಾಡ್ಕೋತಿದ್ವಿರಿ," ಎಂದಳು. "ನನ್ನ ಮಗ ಆಕಿ ನಗೂದು ನೋಡಿ ಒಪ್ಪಿದ್ದ. ಕಲೆ ಕೇಳಿದಾಕಿ ನಾನೊಬ್ಬಾಕಿ. ಅದೂ ಸುಮ್ನ ಕೇಳಿದ್ದು."

ಮುದಕವ್ವ ಹಣೆಯನ್ನು ನೆಲಕ್ಕೆ ಹಚ್ಚಿದಳು.

"ಮಹಾಂತೇಶಗ ಹೇಳೂದು ಬ್ಯಾಡ್ರಿ, ಅವ ತಡ್ಕೊಳ್ಳೂದಿಲ್ಲ," ಕಲ್ಲವ್ವ ಮುದಕವ್ವನ ಬೆನ್ನ ಮೇಲೆ ಕೈ ಇಟ್ಟಳು. "ಮಣ್ಣಿಗೆ ಬಂದಾವ್ರು ಕೇಳಿದ್ರ ಅಮ್ಮ ಎರಡನೇ ಸಲ ಬಂದಿದ್ಲು ಅಂತ ಹೇಳೂಣು. ನಾನೂ ಹಂಗ ಹೇಳ್ತೇನಿ, ನೀವೂ ಹಂಗ ಹೇಳ್ರಿ."

ಬೇಡ ಎನ್ನಬೇಕು ಎಂದು ಮುದಕವ್ವನಿಗೆ ಅನಿಸಿತು. ಹೂಂ ಎಂದಳು.